ಉದ್ದನೆಯ ಹೋಟೆಲ್ ಹಾಲ್, ಒಂದೇ ಕಡೆಯಿಂದ ಬೆಳಕು: ಗ್ರೇಡಿಯೆಂಟ್ ಎಲ್ಲಿಂದ ಎಲ್ಲಿಗೆ ಎಳೆಯಬೇಕು?

ಕಿಂಗ್ಸ್ ಸರ್ಕಲ್, ಮುಂಬೈ

ಬಲ್ಲವರು ದಾರಿ ತೋರಿಸಬೇಕು. ಮಾಟುಂಗಾದಲ್ಲಿ ನಮ್ಮದೊಂದು ಹಳೆಯ ಊಟದ ಹೋಟೆಲ್ ಇದೆ. ಅಜ್ಜ ಕುಂದಾಪುರದ ಕಡೆಯಿಂದ ಬಂದು ತೆರೆದದ್ದು. ಈಗ ಗಲ್ಲಾದಲ್ಲಿ ಅಪ್ಪ ಕೂರುತ್ತಾರೆ. ಲೆಕ್ಕಪತ್ರ ಮತ್ತು ಪಾರ್ಸೆಲ್ ನನ್ನ ಪಾಲಿಗೆ ಬಂದಿವೆ. ಬಾಗಿಲ ಪಕ್ಕದ ಗೋಡೆಗೆ ಹಾಲ್‌ನದೇ ಒಂದು ದೊಡ್ಡ ಚಿತ್ರ ಹಾಕಬೇಕು, 6 ಅಡಿ ಅಗಲ ಇರಬೇಕು ಎಂದು ಅಪ್ಪ ಹಟ ಹಿಡಿದಿದ್ದಾರೆ. ಹೊರಗಿನವರನ್ನು ಕರೆಸೋಣ ಎಂದರೆ ‘ಮತ್ತೆ ನಿನ್ನ ಕ್ಯಾಮೆರಾ ಯಾತಕ್ಕೆ?’ ಎನ್ನುತ್ತಾರೆ. ನನ್ನಲ್ಲಿರುವುದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600, ಅದರೊಂದಿಗೆ ಬಂದ 18–55 ಲೆನ್ಸ್ ಮತ್ತು ಸಾಧಾರಣದ್ದೊಂದು ಟ್ರೈಪಾಡ್.

ನಮ್ಮ ಹಾಲ್‌ಗೆ ಅಗಲ ಕಡಿಮೆ, ಉದ್ದ ಹೆಚ್ಚು. ಬಾಗಿಲು ಮತ್ತು ಎರಡು ಕಿಟಕಿಗಳು ರಸ್ತೆಯ ಕಡೆಗಿವೆ, ಬೇರೆ ಯಾವ ಕಡೆಯಿಂದಲೂ ಹಗಲು ಒಳಗೆ ಬರುವುದಿಲ್ಲ. ಎಡಗೋಡೆಗೆ ಬಾಗಿಲಿನಿಂದ ಅಡುಗೆಮನೆಯವರೆಗೂ ಬಿಳಿ ಟೈಲ್ಸ್ ಇದೆ. ಕೊನೆಯಲ್ಲಿ ಕೈ ತೊಳೆಯುವ ಬೇಸಿನ್, ಅದರ ಮೇಲೊಂದು ಕನ್ನಡಿ, ಎರಡು ಹಳದಿ ಎಲ್‌ಇಡಿ ಬಲ್ಬ್. ನಾನು ಬಾಗಿಲ ಬಲಮೂಲೆಯಲ್ಲಿ ನಿಂತು ಓರೆಯಾಗಿ ತೆಗೆದಿದ್ದೇನೆ. ಹಾಗಾಗಿ ಚಿತ್ರದ ಎಡತುದಿಯಲ್ಲಿ ಬಾಗಿಲ ಹತ್ತಿರದ ಗೋಡೆ ಇದೆ, ಬಲತುದಿಯಲ್ಲಿ ಹಾಲ್‌ನ ಹಿಂಭಾಗವಿದೆ. ನಡುವಿನ ಕಂಬದ ಪಕ್ಕದಲ್ಲಿ ಅಪ್ಪ ಬಿಳಿ ಅಂಗಿ, ಪಂಚೆ ಉಟ್ಟು ನಿಂತಿದ್ದಾರೆ. ರಾ ಫೈಲ್ (ಕ್ಯಾಮೆರಾ ಏನೂ ತಿದ್ದದೆ ಉಳಿಸಿದ ಮೂಲ ಫೈಲ್) ಇದೆ.

ಶ್ಯಾಡೋ ಸ್ಲೈಡರನ್ನು ಪೂರ್ತಿ ಎಳೆದರೆ ಹಿಂಭಾಗ ಕಾಣುತ್ತದೆ, ಆದರೆ ಎಲ್ಲವೂ ಬೂದಿ ಬಳಿದಂತಾಗಿ ಕುರ್ಚಿಗಳ ಕಪ್ಪು ಮರ ಕಪ್ಪಾಗಿ ಉಳಿಯುವುದಿಲ್ಲ. ಬಲದಿಂದ ಎಡಕ್ಕೆ ಒಂದು ಗ್ರೇಡಿಯೆಂಟ್ (ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಕಡಿಮೆಯಾಗುತ್ತ ಹೋಗುವ ತಿದ್ದುಪಡಿ) ಎಳೆದು ಎಕ್ಸ್‌ಪೋಷರ್ 3 ಸ್ಟಾಪ್ ಏರಿಸಿದರೆ ಕನ್ನಡಿ ಸುಟ್ಟುಹೋಗುತ್ತದೆ, ಹಿಂದಿನ ಗೋಡೆ ಅರಿಶಿನ ಬಣ್ಣಕ್ಕೆ ತಿರುಗುತ್ತದೆ, ಅಪ್ಪನ ಅಂಗಿಯ ಮಡಿಕೆಗಳೆಲ್ಲ ಮಾಯ. ಫೋಟೊ ತಿದ್ದಲು ನನ್ನ ಬಳಿ ಲೈಟ್‌ರೂಮ್ ಇದೆ, ಗಿಂಪ್ ಕೂಡ ಇದೆ.

ಇನ್ನೊಂದು ಸಣ್ಣ ಪ್ರಶ್ನೆ. ಅಜ್ಜನ ಕಾಲದ ಕಿರ್ದಿ ಪುಸ್ತಕದ ಒಂದು ಪುಟವನ್ನು ಅದೇ ಗೋಡೆಗೆ ಚೌಕಟ್ಟು ಹಾಕಿಸಬೇಕೆಂದಿದೆ. ಅದರ ಫೋಟೊದಲ್ಲಿ ಒಂದು ಮೂಲೆ ಬೆಳ್ಳಗೆ, ಎದುರು ಮೂಲೆ ಮಬ್ಬು. ಇದಕ್ಕೂ ಗ್ರೇಡಿಯೆಂಟ್ ಸಾಕೇ?


ಡೊಂಬಿವಲಿ ಫಾಸ್ಟ್

ಇಷ್ಟೆಲ್ಲ ಯಾಕೆ ಕಷ್ಟ? ಈಗಿನ ಮೊಬೈಲ್‌ಗಳಲ್ಲಿ ಎಚ್‌ಡಿಆರ್, ಅಂದರೆ ಕತ್ತಲು ಬೆಳಕು ಎರಡೂ ಕಾಣುವಂತೆ ಹೊಂದಿಸುವುದು, ತಾನಾಗಿಯೇ ಆಗುತ್ತದೆ. ಬಾಗಿಲಲ್ಲಿ ನಿಂತು ಒಂದು ತೆಗೆಯಿರಿ, ಪ್ರಿಂಟ್‌ಗೆ ಕೊಡಿ. ಗೋಡೆಯ ಮೇಲಿನ ಚಿತ್ರವನ್ನು ನೋಡುವವರು ಸಾಂಬಾರ್ ಬರುವವರೆಗೆ ಮಾತ್ರ ನೋಡುತ್ತಾರೆ.


ಹೈಪೊ ರಾಯರು, ವಿಲೆ ಪಾರ್ಲೆ

ಡೊಂಬಿವಲಿಯವರೇ, ಸಾಂಬಾರ್ ಬರುವುದು ತಡವಾದರೆ? ಮೊಬೈಲ್ ಎಚ್‌ಡಿಆರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಕೋಣೆಯ ಬೆಳಕು ಯಾವ ಕಡೆಯಿಂದ ಬಂತು ಎಂಬುದನ್ನು ಅದು ಬಹಳ ಸಲ ಅಳಿಸಿಬಿಡುತ್ತದೆ. 6 ಅಡಿಗೆ ಹಿಗ್ಗಿಸಿದಾಗ ಅದೇ ಮೊದಲು ಕಣ್ಣಿಗೆ ಹೊಡೆಯುತ್ತದೆ.

ತಮ್ಮಾ ಕಿಂಗ್ಸ್ ಸರ್ಕಲ್, ನಾನು ಫೋರ್ಟ್‌ನ ಒಂದು ಸ್ಟುಡಿಯೊದ ಕತ್ತಲೆಕೋಣೆಯಲ್ಲಿ ಪ್ರಿಂಟರ್ ಆಗಿದ್ದವನು. ಎನ್‌ಲಾರ್ಜರ್ ಕೆಳಗೆ ರಟ್ಟಿನ ತುಂಡು ಹಿಡಿದು ಮೆಲ್ಲಗೆ ಜರುಗಿಸುತ್ತ ಕಾಗದದ ಒಂದು ತುದಿಗೆ ಹೆಚ್ಚು, ಇನ್ನೊಂದು ತುದಿಗೆ ಕಡಿಮೆ ಬೆಳಕು ಕೊಡುತ್ತಿದ್ದೆವು. ನಿನ್ನ ಗ್ರೇಡಿಯೆಂಟ್ ಅದೇ. ರಟ್ಟನ್ನು ನಿಲ್ಲಿಸಿದರೆ ಗೆರೆ ಬೀಳುತ್ತದೆ, ಜರುಗಿಸುತ್ತಲೇ ಇದ್ದರೆ ಬೀಳುವುದಿಲ್ಲ. ಈಗ ಅದನ್ನು ಫೆದರ್ ಎನ್ನುತ್ತಾರೆ. ಹುಡುಗರು ಇವೆಲ್ಲ ಕಂಪ್ಯೂಟರ್ ಹುಟ್ಟಿಸಿದ ವಿದ್ಯೆ ಎಂದುಕೊಂಡಿದ್ದಾರೆ, ಇರಲಿ.

ಮೊದಲು ಶ್ಯಾಡೋ ಸ್ಲೈಡರಿನ ಮಾತು. ಅದಕ್ಕೆ ನಿನ್ನ ಹಾಲ್‌ನ ಹಿಂಭಾಗ ಯಾವುದು, ಮುಂದಿನ ಕಪ್ಪು ಕುರ್ಚಿ ಯಾವುದು ಎಂಬುದು ಗೊತ್ತಿಲ್ಲ. ಕಪ್ಪಾಗಿರುವುದನ್ನೆಲ್ಲ ಎತ್ತುತ್ತದೆ. ಬ್ರೈಟ್‌ನೆಸ್ ಎಂಬುದನ್ನು ಮುಟ್ಟಿದರೆ ಇನ್ನೂ ಕೇಡು: ಚಟ್ನಿಗೆ ನೀರು ಬೆರೆಸಿದಂತೆ, ಪ್ರಮಾಣ ಹೆಚ್ಚುತ್ತದೆ, ಖಾರ ಹೋಗುತ್ತದೆ. ಬೆಳಕು ಕಡಿಮೆಯಾಗುವುದು ಕಳೆಯುವ ಲೆಕ್ಕದಲ್ಲಲ್ಲ, ಭಾಗಿಸುವ ಲೆಕ್ಕದಲ್ಲಿ. ಹಿಂಭಾಗಕ್ಕೆ ಬಾಗಿಲ ಬಳಿಯ ಹತ್ತರಲ್ಲೊಂದು ಪಾಲು ಬೆಳಕು ಬಿದ್ದಿದ್ದರೆ ಅಲ್ಲಿಯ ಬಿಳಿ ಟೈಲ್ ಕೂಡ ಹತ್ತರಲ್ಲೊಂದು, ಕಪ್ಪು ಕುರ್ಚಿ ಕೂಡ ಹತ್ತರಲ್ಲೊಂದು. ಹಾಗಾದರೆ ಸರಿಪಡಿಸುವುದೂ ಗುಣಿಸಿಯೇ. ಎಕ್ಸ್‌ಪೋಷರ್ ಸ್ಲೈಡರ್ ಮಾಡುವುದು ಅದನ್ನೇ: 1 ಸ್ಟಾಪ್ ಎಂದರೆ ಎರಡು ಪಟ್ಟು, 2 ಎಂದರೆ ನಾಲ್ಕು ಪಟ್ಟು. ಆದ್ದರಿಂದ ಗ್ರೇಡಿಯೆಂಟ್‌ನೊಳಗೆ ಎಕ್ಸ್‌ಪೋಷರನ್ನು ಮಾತ್ರ ಮುಟ್ಟು, ಉಳಿದವು ಸದ್ಯಕ್ಕೆ ಸೊನ್ನೆಯಲ್ಲಿರಲಿ.

ಎಷ್ಟು ಏರಿಸಬೇಕು? ನಿನ್ನ ಅದೃಷ್ಟಕ್ಕೆ ಅಳತೆಗೋಲನ್ನು ನಿನ್ನ ಅಜ್ಜನೇ ಗೋಡೆಗೆ ಅಂಟಿಸಿ ಹೋಗಿದ್ದಾರೆ. ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದೇ ಬಿಳಿಯ ಟೈಲ್. ಅಲ್ಲಿ ಕಾಣುವ ವ್ಯತ್ಯಾಸ ಪೂರ್ತಿ ಬೆಳಕಿನದು, ಬಣ್ಣದ್ದಲ್ಲ. ಯಾವ ಬದಲಾವಣೆಯೂ ಮಾಡದ ಫೈಲನ್ನು ಗಿಂಪ್‌ನಲ್ಲಿ ತೆರೆದು, ಕಲರ್ ಪಿಕ್ಕರ್‌ನಿಂದ ಒಂದೇ ಎತ್ತರದ ಟೈಲ್‌ಗಳನ್ನು ಮೂರು ಕಡೆ ಮುಟ್ಟಿ ನೋಡು: ಬಾಗಿಲ ಹತ್ತಿರ, ಕಂಬದ ಹತ್ತಿರ, ಬೇಸಿನ್ ಹತ್ತಿರ. ಟೈಲ್‌ನ ನಡುವನ್ನೇ ಮುಟ್ಟು. ಸಂದಿನ ಸಿಮೆಂಟನ್ನೂ, ಬಲ್ಬಿನ ಹೊಳಪು ಬಿದ್ದ ಜಾಗವನ್ನೂ ಬಿಡು.

ನೀನು ಹಾಕಿರುವ ಚಿತ್ರದಲ್ಲಿ ನಾನೇ ಮುಟ್ಟಿ ನೋಡಿದೆ. 255ಕ್ಕೆ ಸುಮಾರು 232, 150, 78 ಬಂತು. ಈ ಸಂಖ್ಯೆಗಳನ್ನು ಹಾಗೆಯೇ ಹೋಲಿಸಬೇಡ, ಏಕೆಂದರೆ ಅವು ಕಣ್ಣಿಗೆ ಹೊಂದುವಂತೆ ಬಾಗಿಸಿದ ಸಂಖ್ಯೆಗಳು. ಎಸ್‌ಆರ್‌ಜಿಬಿ ಎಂಬ ಪರದೆಯ ಬಣ್ಣದ ಮಾನದಂಡದ ಬಾಗನ್ನು ಬಿಚ್ಚಿ ನಿಜವಾದ ಬೆಳಕಿಗೆ ತಿರುಗಿಸಿದರೆ ಸುಮಾರು 0.81, 0.30, 0.08 ಆಗುತ್ತದೆ. ಅಂದರೆ ಬಾಗಿಲಿನಿಂದ ಕಂಬಕ್ಕೆ ಹೆಚ್ಚುಕಡಿಮೆ 1.4 ಸ್ಟಾಪ್ ಇಳಿತ, ಕಂಬದಿಂದ ಬೇಸಿನ್‌ಗೆ ಇನ್ನೂ 2 ಸ್ಟಾಪ್. ಒಟ್ಟು 3.4. ಸಾಫ್ಟ್‌ವೇರ್ ತನ್ನದೇ ಕಾಂಟ್ರಾಸ್ಟ್ ಸೇರಿಸಿರುತ್ತದೆ, ಹಾಗಾಗಿ ಇದು ಅಂದಾಜು. ಆದರೆ ಕತ್ತಲಲ್ಲಿ ತಡಕಾಡುವುದಕ್ಕಿಂತ ಅಂದಾಜು ಮೇಲು.

ಈಗ ಎಲ್ಲರೂ ಜಾರುವ ಜಾಗಕ್ಕೆ ಬಂದೆವು. 3.4 ಇಳಿದಿದೆಯಲ್ಲ ಎಂದು 3.4 ಏರಿಸಬಾರದು. ಟೈಲ್ ಉದ್ದಕ್ಕೂ ಒಂದೇ ಬಿಳಿಯಾದರೆ ಅದು ಆಸ್ಪತ್ರೆಯ ಕಾರಿಡಾರ್, ಹೋಟೆಲ್ ಅಲ್ಲ. ರಸ್ತೆಯ ಕಡೆಯಿಂದ ಬೆಳಕು ಬರುತ್ತಿದೆ ಎಂಬುದು ನೋಡುವವನಿಗೆ ತಿಳಿಯಬೇಕು. 2 ಏರಿಸು, 1.4 ಇಳಿತವನ್ನು ಹಾಗೆಯೇ ಬಿಡು. ನಿನ್ನ 3 ಸ್ಟಾಪ್‌ಗೆ ಚಿತ್ರ ಒಡೆದುಹೋಗಲು ಅರ್ಧ ಕಾರಣ ಅದೇ. ಇನ್ನರ್ಧ, ಆ 3 ಸ್ಟಾಪನ್ನು ಒಂದೇ ಗ್ರೇಡಿಯೆಂಟ್‌ಗೆ ಹೊರಿಸಿದ್ದು.

ಓರೆಯಾಗಿ ತೆಗೆದ ಚಿತ್ರದಲ್ಲಿ ದೂರ ಕುಗ್ಗುತ್ತದೆ. ಹಾಲ್‌ನ ನಡುಗಂಬ ಚಿತ್ರದ ನಡುವಿನಲ್ಲಿಲ್ಲ, ಎಡದಿಂದ ಸುಮಾರು ಮೂರನೆಯ ಎರಡು ಭಾಗ ದಾಟಿದ ಮೇಲೆ ಇದೆ. ಹಾಲ್‌ನ ಮೊದಲರ್ಧ ಚಿತ್ರದ ಮೂರನೆಯ ಎರಡು ಭಾಗವನ್ನು ಹಿಡಿದುಕೊಂಡಿದೆ, ಹಿಂದಿನರ್ಧ ಉಳಿದ ಒಂದು ಭಾಗಕ್ಕೆ ಮುದುರಿ ಕೂತಿದೆ. ಆದ್ದರಿಂದ ಚಿತ್ರದಲ್ಲಿ ಬೆಳಕು ಎಡಗಡೆ ನಿಧಾನವಾಗಿ ಇಳಿದು, ಕಂಬ ದಾಟಿದ ಕೂಡಲೇ ಬೇಗ ಬೇಗ ಇಳಿಯುತ್ತದೆ. ಇದಕ್ಕೆ ಎರಡು ಗ್ರೇಡಿಯೆಂಟ್ ಬೇಕು. ಮೊದಲನೆಯದು ಎಡ ಅಂಚಿನಲ್ಲಿ ಸೊನ್ನೆಯಿಂದ ತೊಡಗಿ ಬಲ ಅಂಚಿನಲ್ಲಿ 1 ಸ್ಟಾಪ್ ಆಗಲಿ. ಎರಡನೆಯದು ಕಂಬದಲ್ಲಿ ಸೊನ್ನೆಯಿಂದ ತೊಡಗಿ ಬಲ ಅಂಚಿಗೆ ಇನ್ನೊಂದು ಸ್ಟಾಪ್ ಆಗಲಿ. ಲೆಕ್ಕ ಹಾಕು: ಕಂಬದ ಬಳಿ ಏರಿದ್ದು 0.7, ಅಲ್ಲಿಯವರೆಗೆ ಉಳಿದ ಇಳಿತ 0.7. ಅಲ್ಲಿಂದ ಹಿಂದಕ್ಕೆ ಉಳಿಯುವುದೂ 0.7. ಇಳಿತ ಇದೆ, ಆದರೆ ಸಮನಾಗಿದೆ. ಕಣ್ಣು ಎಲ್ಲಿಯೂ ಎಡವುವುದಿಲ್ಲ.

ಲೈಟ್‌ರೂಮ್‌ನಲ್ಲಿ ಮಾಸ್ಕಿಂಗ್ (ತಿದ್ದುಪಡಿ ಎಲ್ಲಿ ಎಷ್ಟು ಬೀಳಬೇಕೆಂದು ಗುರುತಿಸುವ ಉಪಕರಣ) ಒಳಗಿನ ಲೀನಿಯರ್ ಗ್ರೇಡಿಯೆಂಟ್ ತೆಗೆದುಕೊಂಡು ಹೀಗೆ ಎರಡು ಎಳೆ. ಎಳೆಯುವಾಗ ಓ ಕೀಲಿ ಒತ್ತಿದರೆ ಮಾಸ್ಕ್ ಕೆಂಪಾಗಿ ಕಾಣುತ್ತದೆ; ಕೆಂಪು ಎಲ್ಲಿ ದಟ್ಟ, ಎಲ್ಲಿ ತೆಳು ಎಂಬುದನ್ನೇ ನೋಡು, ಚಿತ್ರವನ್ನು ನೋಡಬೇಡ. ಲೆನ್ಸ್ ಕರೆಕ್ಷನ್ ಮೊದಲೇ ಹಾಕಿಕೊಂಡಿರು. 18 ಎಂಎಂನಲ್ಲಿ ಆ ಲೆನ್ಸಿನ ಮೂಲೆಗಳು ತಾವಾಗಿಯೇ ಮಬ್ಬಾಗುತ್ತವೆ. ಅದನ್ನು ಆಮೇಲೆ ಸರಿಪಡಿಸಿದರೆ ಬಲಮೂಲೆ ಎರಡು ಸಲ ಏರುತ್ತದೆ.

ಇನ್ನು ಕನ್ನಡಿ. ಅದು ಹಿಂಗೋಡೆಯಲ್ಲಿದ್ದರೂ ತೋರಿಸುತ್ತಿರುವುದು ಬಾಗಿಲನ್ನು. ಅದರ ಬೆಳಕು ಹಿಂಭಾಗದ್ದಲ್ಲ, ರಸ್ತೆಯದು. ಗೋಡೆಗೆ 2 ಸ್ಟಾಪ್ ಕೊಡುವಾಗ ಅದಕ್ಕೆ ಯಾಕೆ ಕೊಡಬೇಕು? ಎರಡೂ ಮಾಸ್ಕ್‌ಗಳಲ್ಲಿ ಸಬ್‌ಟ್ರಾಕ್ಟ್ ಆರಿಸಿ, ಬ್ರಶ್‌ನಿಂದ ಕನ್ನಡಿಯ ಚೌಕವನ್ನು ಕಳೆ. ಇಲ್ಲಿ ಮಾತ್ರ ಅಂಚು ಗಟ್ಟಿಯಾಗಿರಲಿ, ಏಕೆಂದರೆ ಕನ್ನಡಿಯ ಅಂಚೂ ಗಟ್ಟಿಯೇ. ಪೂರ್ತಿ ಕಳೆದರೆ ಕನ್ನಡಿ ಗೋಡೆಯಲ್ಲಿ ಕೊರೆದ ತೂತಿನಂತೆ ಕಂಡೀತು. ಬ್ರಶ್‌ನ ಫ್ಲೋ ಇಳಿಸಿ ಮುಕ್ಕಾಲು ಪಾಲು ಕಳೆದರೆ ಸಾಕು.

ಅಪ್ಪನ ವಿಷಯದಲ್ಲಿ ಎಚ್ಚರ. ಈಗ ಒಂದು ಗುಂಡಿ ಒತ್ತಿದರೆ ಸಾಫ್ಟ್‌ವೇರ್ ತಾನೇ ಮನುಷ್ಯನನ್ನು ಹುಡುಕಿ ಮಾಸ್ಕ್ ಮಾಡಿಕೊಡುತ್ತದೆ. ಅದನ್ನು ಬಳಸಿ ಅವರನ್ನು ಗ್ರೇಡಿಯೆಂಟ್‌ನಿಂದ ಪೂರ್ತಿ ಹೊರಗಿಟ್ಟೆಯೋ, ಬೇರೆ ಚಿತ್ರದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಾರೆ. ಅವರೂ ಅದೇ ಬೆಳಕಿನಲ್ಲಿ ನಿಂತಿದ್ದಾರೆ, ಅವರಿಗೂ ಅದೇ 0.7 ಸಲ್ಲಬೇಕು. ತೊಂದರೆ ಇರುವುದು ಅಂಗಿಯ ಕಿಟಕಿ ಕಡೆಯ ತೋಳಿನಲ್ಲಿ ಮಾತ್ರ. ಮೊದಲ ಮಾಸ್ಕ್‌ಗೆ ಲ್ಯೂಮಿನನ್ಸ್ ರೇಂಜ್ ಸೇರಿಸಿ, ಇಂಟರ್‌ಸೆಕ್ಟ್ ಮಾಡಿ, ತೀರ ಬೆಳಗಿರುವ ಭಾಗ ಮಾಸ್ಕ್‌ನಿಂದ ಬಿಟ್ಟುಹೋಗುವಂತೆ ಮೇಲಿನ ತುದಿಯನ್ನು ಇಳಿಸು. ಆದರೆ ಅಂಚನ್ನು ಮೆತ್ತಗೆ ಇಡು, ಇಲ್ಲವಾದರೆ ತೋಳಿನ ಸುತ್ತ ಪ್ರಭಾವಳಿ ಮೂಡುತ್ತದೆ. ಪ್ರಭಾವಳಿ ಗಲ್ಲಾದ ಮೇಲಿನ ದೇವರ ಪಟಕ್ಕೆ ಸಾಕು.

ನೆಲದ ಮಾತು ಒಂದಿದೆ, ಸೂಕ್ಷ್ಮದ್ದು. ಗೋಡೆಯ ಮೇಲೆ ಸಮಬೆಳಕಿನ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ನೆಲ ಮತ್ತು ಮೇಜುಗಳ ಮೇಲೆ ಅವು ಹಾಲ್‌ಗೆ ಅಡ್ಡಲಾಗಿ, ಅಂದರೆ ನಿನ್ನ ಚಿತ್ರದಲ್ಲಿ ಓರೆಯಾಗಿ ಬರುತ್ತವೆ. ಗೋಡೆಗೆ ಎಳೆದ ಗ್ರೇಡಿಯೆಂಟ್ ನೆಲಕ್ಕೆ ಪೂರ್ತಿ ಒಪ್ಪುವುದಿಲ್ಲ: ಬಲಗಡೆ ಕೆಳಮೂಲೆಯ ಹತ್ತಿರದ ಮೇಜು ಬಾಗಿಲ ಬಳಿಯೇ ಇದ್ದರೂ ಸುಮ್ಮನೆ 2 ಸ್ಟಾಪ್ ಪಡೆಯುತ್ತದೆ. ಆ ಮೂಲೆಯಿಂದ ಒಳಕ್ಕೆ ಇನ್ನೊಂದು ಗ್ರೇಡಿಯೆಂಟನ್ನು ಸಬ್‌ಟ್ರಾಕ್ಟ್‌ನಲ್ಲಿ ಓರೆಯಾಗಿ ಎಳೆದು ಕಳೆದುಬಿಡು. ಮೇಜಿನ ಮೇಲಿನ ಸ್ಟೀಲ್ ಲೋಟ ನೋಡಿದರೆ ಸಾಕು, ಅದು ಬೆಳ್ಳಗೆ ಸಿಡಿಯುತ್ತಿದ್ದರೆ ಇನ್ನೂ ಕಳೆಯಬೇಕೆಂದು ಅರ್ಥ.

ಗಿಂಪ್‌ನಲ್ಲೇ ಮಾಡುವವರಿಗೆ ದಾರಿ ಬೇರೆ, ತತ್ವ ಒಂದೇ. ಒಂದೇ ರಾ ಫೈಲನ್ನು ಎರಡು ಸಲ ಡೆವಲಪ್ ಮಾಡಿ: ಹಾಗೆಯೇ ಒಂದು, 2 ಸ್ಟಾಪ್ ಏರಿಸಿ ಇನ್ನೊಂದು. ಎರಡನ್ನೂ 16 ಬಿಟ್ ಟಿಫ್ ಆಗಿ ತೆರೆದು, ಏರಿಸಿದ್ದನ್ನು ಮೇಲಿನ ಲೇಯರ್ ಆಗಿ ಇಟ್ಟು, ಅದಕ್ಕೆ ಲೇಯರ್ ಮಾಸ್ಕ್ ಸೇರಿಸಿ. ಮಾಸ್ಕ್ ಮೇಲೆ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆದರೆ ಕಪ್ಪು ಇದ್ದಲ್ಲಿ ಕೆಳಗಿನದು, ಬಿಳಿ ಇದ್ದಲ್ಲಿ ಮೇಲಿನದು. ಕನ್ನಡಿಯ ಮೇಲೆ ಬೂದು ಬಣ್ಣದ ಬ್ರಶ್. ನನಗೆ ಇದೇ ಇಷ್ಟ. ರಟ್ಟು ಕೈಯಲ್ಲಿರುವಂತೆ ಅನ್ನಿಸುತ್ತದೆ.


ಎರಂಡವಣೆ, ಪುಣೆ

ರಾಯರು ಹಾಲನ್ನು ಮುಗಿಸಿದ್ದಾರೆ, ನಾನು ಕಿರ್ದಿ ಪುಸ್ತಕಕ್ಕೆ ಬರುತ್ತೇನೆ. ಹಳೆಯ ಪುಸ್ತಕ, ಪತ್ರಗಳ ಪ್ರತಿ ತೆಗೆಯುವುದೇ ನನ್ನ ಕೆಲಸ.

ಪುಟಕ್ಕೆ ಗ್ರೇಡಿಯೆಂಟ್ ಬೇಡ. ಗ್ರೇಡಿಯೆಂಟ್ ಎಂದರೆ ಬೆಳಕು ಹೇಗೆ ಇಳಿದಿರಬಹುದು ಎಂದು ನಾವು ಮಾಡುವ ಊಹೆ. ಹಾಲ್‌ನಲ್ಲಿ ಬೇರೆ ದಾರಿಯಿಲ್ಲ. ಪುಟದ ವಿಷಯದಲ್ಲಿ ಊಹಿಸುವ ಅಗತ್ಯವೇ ಇಲ್ಲ, ಬೆಳಕಿನ ಫೋಟೊವನ್ನೇ ತೆಗೆಯಬಹುದು. ಕಿರ್ದಿಯನ್ನು ಮೇಜಿನ ಮೇಲಿಟ್ಟು, ಕ್ಯಾಮೆರಾವನ್ನು ಟ್ರೈಪಾಡ್‌ನಲ್ಲಿ ಕೆಳಮುಖವಾಗಿ ನಿಲ್ಲಿಸಿ ಒಂದು ಫೋಟೊ ತೆಗೆಯಿರಿ. ಕ್ಯಾಮೆರಾ, ದೀಪ, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಏನನ್ನೂ ಮುಟ್ಟದೆ, ಪುಟದ ಮೇಲೆ ಒಂದು ಶುದ್ಧ ಬಿಳಿ ಹಾಳೆ ಮುಚ್ಚಿ ಇನ್ನೊಂದು ತೆಗೆಯಿರಿ. ಈ ಎರಡನೆಯ ಚಿತ್ರದಲ್ಲಿ ಇರುವುದು ಬೆಳಕಿನ ಏರಿಳಿತ ಮಾತ್ರ. ಬಿಳಿ ಹಾಳೆ ಎಲ್ಲಿಯೂ ಸುಟ್ಟಿರಬಾರದು. 255 ಮುಟ್ಟಿದ ಜಾಗದಲ್ಲಿ ಲೆಕ್ಕ ತಪ್ಪುತ್ತದೆ.

ಗಿಂಪ್‌ನಲ್ಲಿ ಪುಟವನ್ನು ಕೆಳಗೆ, ಬಿಳಿ ಹಾಳೆಯನ್ನು ಮೇಲೆ ಇಟ್ಟು, ಹಾಳೆಗೆ ದೊಡ್ಡ ತ್ರಿಜ್ಯದ ಗಾಸಿಯನ್ ಬ್ಲರ್ ಕೊಡಿ, ಕಾಗದದ ನಾರು ಮತ್ತು ಧೂಳು ಅಳಿಸಿಹೋಗಲಿ. ಆಮೇಲೆ ಮೇಲಿನ ಲೇಯರ್‌ನ ಮೋಡನ್ನು ಡಿವೈಡ್ ಮಾಡಿ. ರಾಯರು ಹೇಳಿದ ಭಾಗಿಸುವ ಲೆಕ್ಕವನ್ನು ಕಂಪ್ಯೂಟರ್ ಪ್ರತಿ ಚುಕ್ಕಿಗೂ ಮಾಡಿಬಿಡುತ್ತದೆ. ರಾ ಫೈಲ್ ತಿದ್ದುವ ರಾಥೆರಪಿ ಎಂಬ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಫ್ಲ್ಯಾಟ್ ಫೀಲ್ಡ್ ಎಂಬ ವಿಭಾಗವೇ ಇದೆ. ಲೆನ್ಸಿನ ಮೂಲೆಯ ಮಬ್ಬೂ ಅದೇ ಏಟಿಗೆ ಹೋಗುತ್ತದೆ.

ಕೆಲವರು ಇದಕ್ಕೊಂದು ಅಡ್ಡದಾರಿ ಹೇಳುತ್ತಾರೆ: ಬಿಳಿ ಹಾಳೆಯ ಬದಲು ಪುಟದ್ದೇ ಒಂದು ಪ್ರತಿಯನ್ನು ಬ್ಲರ್ ಮಾಡಿ ಅದರಿಂದ ಭಾಗಿಸುವುದು. ರಶೀದಿ, ಆಧಾರ್ ಪ್ರತಿಗೆ ಅದು ಸರಿ. ಕಿರ್ದಿಗೆ ಬೇಡವೇ ಬೇಡ. ಕಾಗದದ ಹಳೆಯ ಬಣ್ಣ, ಎಣ್ಣೆಯ ಕಲೆ, ಬೆರಳಿನ ಗುರುತು, ಎಲ್ಲವನ್ನೂ ಅದು ಬೆಳಕಿನ ಏರುಪೇರೆಂದು ತಿಳಿದು ಒರೆಸಿಬಿಡುತ್ತದೆ. ಹೋಟೆಲಿನ ಕಿರ್ದಿಯಲ್ಲಿ ಎಣ್ಣೆಯ ಕಲೆ ಇಲ್ಲವೆಂದರೆ ಯಾರು ನಂಬುತ್ತಾರೆ? ಬಿಳಿ ಹಾಳೆಯಿಂದ ಭಾಗಿಸಿದರೆ ಕಾಗದದ ಬಣ್ಣ ಇದ್ದ ಹಾಗೆ ಉಳಿಯುತ್ತದೆ, ದೀಪದ ಹಳದಿ ಮಾತ್ರ ಹೋಗುತ್ತದೆ.

ಪುಸ್ತಕದ ಹೊಲಿಗೆಯ ಹತ್ತಿರ ಪುಟ ಬಾಗಿರುತ್ತದೆ. ಬಿಳಿ ಹಾಳೆಯನ್ನೂ ಅದೇ ಬಾಗಿಗೆ ಒತ್ತಿ ಕೂರಿಸಿ. ಅದನ್ನು ಮಟ್ಟಸವಾಗಿ ಇಟ್ಟರೆ ಹೊಲಿಗೆಯ ನೆರಳು ಹಾಗೆಯೇ ಉಳಿಯುತ್ತದೆ.


ಮಡಗಾಂವ್

ನಾನು ಹುಬ್ಬಳ್ಳಿಯವನು, ಗೋವಾದಲ್ಲಿ ಹಳೆಯ ಮನೆಗಳ ಒಳಾಂಗಣ ತೆಗೆಯುವುದು ಹೊಟ್ಟೆಪಾಡು. ಇಲ್ಲಿಯ ಕೆಲವು ಮನೆಗಳ ಕಿಟಕಿಗೆ ಗಾಜಿನ ಬದಲು ಸಿಂಪಿಯ ಚಿಪ್ಪು ಕೂರಿಸಿರುತ್ತಾರೆ. ಬೆಳಕು ಮೆತ್ತಗೆ ಸೋಸಿ ಬರುತ್ತದೆ, ಆದರೆ ಕೋಣೆಯ ಒಳಗಡೆ ಯಾರೋ ಹಾಕಿದ ಹಳದಿ ಬಲ್ಬ್ ಇದ್ದೇ ಇರುತ್ತದೆ. ನಿಮ್ಮ ಅರಿಶಿನದ ಗೋಡೆಯ ಕಷ್ಟ ನನಗೆ ದಿನನಿತ್ಯದ್ದು.

ಹಗಲು ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಎಲ್‌ಇಡಿ ಸುಮಾರು 2700ರಿಂದ 3000. ಕತ್ತಲಾಗಿದ್ದಾಗ ಆ ಹಳದಿ ಕಣ್ಣಿಗೆ ಬೀಳುವುದಿಲ್ಲ, 2 ಸ್ಟಾಪ್ ಏರಿಸಿದ ಕೂಡಲೇ ಎದ್ದು ನಿಲ್ಲುತ್ತದೆ. ರಾಯರ ಎರಡನೆಯ ಗ್ರೇಡಿಯೆಂಟ್‌ನಲ್ಲೇ ಟೆಂಪರೇಚರನ್ನು ಸ್ವಲ್ಪ ನೀಲಿಯ ಕಡೆಗೆ ತಿರುಗಿಸಿ. ಬಲ್ಬ್‌ಗಳ ಹತ್ತಿರ ಹಳದಿ ದಟ್ಟವಾಗಿರುತ್ತದೆ, ಅಲ್ಲಿಗೆ ಒಂದೊಂದು ರೇಡಿಯಲ್ ಗ್ರೇಡಿಯೆಂಟ್ ಇಟ್ಟು ಇನ್ನಷ್ಟು ನೀಲಿ ಕೊಡಿ. ಟೈಲ್ ಪೂರ್ತಿ ಬೆಳ್ಳಗಾಗುವವರೆಗೆ ಹೋಗಬೇಡಿ. ಉರಿಯುವ ಹಳದಿ ಬಲ್ಬ್ ಚಿತ್ರದಲ್ಲಿ ಕಾಣುತ್ತಿದ್ದು ಅದರ ಕೆಳಗಿನ ಗೋಡೆ ಬೆಳ್ಳಗಿದ್ದರೆ ಸುಳ್ಳೆಂದು ಮಗುವಿಗೂ ಗೊತ್ತಾಗುತ್ತದೆ.

ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ, ಇನ್ನೊಮ್ಮೆ ತೆಗೆಯಲು ಮನಸ್ಸಿದ್ದರೆ. ಹೋಟೆಲ್ ರಜೆಯ ದಿನ ಟ್ರೈಪಾಡ್ ಅಲುಗಿಸದೆ, ಬಲ್ಬ್ ಆರಿಸಿ ಒಂದು, ಹೊತ್ತಿಸಿ ಒಂದು ತೆಗೆಯಿರಿ. ಆರಿಸಿದ್ದನ್ನು ಬುಡದ ಚಿತ್ರವಾಗಿ ಇಟ್ಟುಕೊಂಡು ಎಲ್ಲ ಗ್ರೇಡಿಯೆಂಟ್‌ಗಳನ್ನೂ ಅದರ ಮೇಲೆ ಮಾಡಿ. ಬಣ್ಣದ ಜಗಳವೇ ಇರುವುದಿಲ್ಲ. ಹೊತ್ತಿಸಿದ್ದನ್ನು ಮೇಲಿನ ಲೇಯರ್ ಮಾಡಿ, ಪೂರ್ತಿ ಕಪ್ಪು ಮಾಸ್ಕ್ ಹಾಕಿ, ಬಲ್ಬ್‌ನ ಸುತ್ತ ಮಾತ್ರ ಬಿಳಿ ಬ್ರಶ್‌ನಿಂದ ತೆರೆಯಿರಿ. ಹಿಂಭಾಗಕ್ಕೆಂದು 2 ಸ್ಟಾಪ್ ಹೆಚ್ಚಿನ ಎಕ್ಸ್‌ಪೋಷರ್‌ನ ಇನ್ನೊಂದು ಫ್ರೇಮ್ ಕೂಡ ತೆಗೆದರೆ ಕತ್ತಲ ಮೂಲೆಯ ನಾಯ್ಸ್ (ಮರಳಿನಂಥ ಚುಕ್ಕಿಗಳು) ಕೂಡ ಇಳಿಯುತ್ತದೆ. ಫ್ಯಾನ್ ಆರಿಸುವುದನ್ನು ಮರೆಯಬೇಡಿ. ಒಂದರಲ್ಲಿ ತಿರುಗುತ್ತಿದ್ದು ಇನ್ನೊಂದರಲ್ಲಿ ನಿಂತಿದ್ದರೆ ರೆಕ್ಕೆಗಳ ಲೆಕ್ಕ ತಪ್ಪುತ್ತದೆ.


ಕಿಂಗ್ಸ್ ಸರ್ಕಲ್, ಮುಂಬೈ

ಎಲ್ಲರಿಗೂ ಕೃತಜ್ಞತೆಗಳು. ಮಡಗಾಂವ್‌ನವರ ಮಾತಿನಂತೆ ಸೋಮವಾರ ಬಾಗಿಲು ಅರ್ಧ ತೆರೆದಿಟ್ಟು... ಅಲ್ಲ, ಪೂರ್ತಿ ತೆರೆದು, ಬಲ್ಬ್ ಆರಿಸಿ ಮತ್ತೆ ತೆಗೆದೆ. ಅರ್ಧ ತೆರೆದರೆ ಟೈಲ್ ಮೇಲೆ ಬೆಳಕಿನ ಗೆರೆ ಬೀಳುತ್ತಿತ್ತು, ಯಾವ ಗ್ರೇಡಿಯೆಂಟೂ ಅದಕ್ಕೆ ಹೊಂದುತ್ತಿರಲಿಲ್ಲ. ರಾಯರೇ, ಎರಡು ಗ್ರೇಡಿಯೆಂಟ್‌ನ ಲೆಕ್ಕ ಕೂತುಬಿಟ್ಟಿತು. ಕನ್ನಡಿಯಲ್ಲಿ ಈಗ ಎದುರು ಬದಿಯ ಹೂವಿನ ಅಂಗಡಿ ಕಾಣುತ್ತಿದೆ. ಅಪ್ಪ ‘ಹಿಂದಿನ ಮೇಜು ಇಷ್ಟು ಚೆನ್ನಾಗಿ ಕಾಣುತ್ತದೆಂದರೆ ಅದರ ರೆಕ್ಸಿನ್ ಬದಲಾಯಿಸಬೇಕು’ ಎಂದು ಹೊಸ ಖರ್ಚು ತೆಗೆದಿದ್ದಾರೆ. ಕಿರ್ದಿಯ ಪುಟವೂ ಆಯಿತು, ಎಣ್ಣೆ ಕಲೆಯ ಸಮೇತ.

ಉಳಿದಿರುವುದು ಎರಡು ಅನುಮಾನ. ಜೆಪೆಗ್ ಮಾಡಿದಾಗ ಬಲಗಡೆ ಮೇಲಿನ ಬೋಳುಗೋಡೆಯಲ್ಲಿ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ ಕಾಣುತ್ತದೆ, ಲೈಟ್‌ರೂಮ್‌ನಲ್ಲಿ ಹಾಗಿಲ್ಲ. ಮತ್ತೆ, 24 ಮೆಗಾಪಿಕ್ಸೆಲ್ 6 ಅಡಿಗೆ ಸಾಕೇ?


ಹೈಪೊ ರಾಯರು, ವಿಲೆ ಪಾರ್ಲೆ

ಮೆಟ್ಟಿಲಿಗೆ ಕಾರಣ 8 ಬಿಟ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ, ನಿನ್ನ ರಾ ಫೈಲ್ 14 ಬಿಟ್ ಆದರೆ 16,384. ಏನೂ ಇಲ್ಲದ ಗೋಡೆಯ ಮೇಲೆ ಬೆಳಕು ಅಷ್ಟು ನಿಧಾನವಾಗಿ ಇಳಿಯುವಾಗ 256 ಹಂತಗಳ ನಡುವಿನ ಸಂದು ಕಾಣಿಸಿಬಿಡುತ್ತದೆ. ನೀನು ನಾಯ್ಸನ್ನು ಪೂರ್ತಿ ಒರೆಸಿದ್ದೀಯ ಎಂದೂ ತೋರುತ್ತದೆ. ಆ ಕಡೆಯ ನಾಯ್ಸ್ ರಿಡಕ್ಷನ್ ಇಳಿಸಿ, ಎಫೆಕ್ಟ್ಸ್‌ನಲ್ಲಿ ಸ್ವಲ್ಪ ಗ್ರೇನ್ ಸೇರಿಸು, ಮೆಟ್ಟಿಲುಗಳು ಒಡೆದುಹೋಗುತ್ತವೆ. ಪ್ರಿಂಟ್ ಅಂಗಡಿಯವರು 16 ಬಿಟ್ ಟಿಫ್ ತೆಗೆದುಕೊಳ್ಳುವುದಾದರೆ ಅದನ್ನೇ ಕೊಡು.

ನಿನ್ನ ಚಿತ್ರ ಅಡ್ಡಕ್ಕೆ 6000 ಚುಕ್ಕಿ, ಗೋಡೆ 72 ಇಂಚು. ಇಂಚಿಗೆ 83 ಬಂತು. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅದು ಕಡಿಮೆ, ಮೇಜಿನಿಂದ ನೋಡುವ ಗೋಡೆಯ ಚಿತ್ರಕ್ಕೆ ಧಾರಾಳ. ಹೊಳೆಯುವ ಕಾಗದ ಬೇಡ, ಬಾಗಿಲ ಪಕ್ಕದಲ್ಲಿ ಅದು ರಸ್ತೆಯನ್ನೇ ತೋರಿಸುತ್ತದೆ, ಮ್ಯಾಟ್ ಹಾಕಿಸು.

ಪೂರ್ತಿ ಪ್ರಿಂಟ್‌ಗೆ ದುಡ್ಡು ಕೊಡುವ ಮೊದಲು ಒಂದು ಪಟ್ಟಿ ಮಾತ್ರ ತೆಗೆಸು. ಪರದೆ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯ ಬೆಳಕನ್ನು ಹೆಚ್ಚಿಟ್ಟುಕೊಂಡು ಕೆಲಸ ಮಾಡಿದವರ ಪ್ರಿಂಟ್ ಕಪ್ಪಾಗಿಯೇ ಬರುತ್ತದೆ. ಕಂಬದಿಂದ ಕನ್ನಡಿಯವರೆಗೆ, ಒಂದು ಅಡಿ ಎತ್ತರ, ಅಪ್ಪನ ತೋಳು ಮತ್ತು ಹಿಂದಿನ ಟೈಲ್ ಎರಡೂ ಅದರಲ್ಲಿ ಬರುವಂತೆ, ನಿಜವಾದ ಅಳತೆಯಲ್ಲೇ. ಅದನ್ನು ಚಿತ್ರ ಬರಬೇಕಾದ ಗೋಡೆಗೇ ಅಂಟಿಸಿ ಮಧ್ಯಾಹ್ನ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡು. ಟೈಲ್ ಮಸುಕಾಗಿದ್ದರೆ ಗ್ರೇಡಿಯೆಂಟ್‌ಗಳನ್ನು ಮುಟ್ಟಬೇಡ, ಇಡೀ ಚಿತ್ರದ ಎಕ್ಸ್‌ಪೋಷರನ್ನು 0.3 ಏರಿಸು. ಹಿಂಭಾಗ ಮಾತ್ರ ಮಸುಕಾಗಿದ್ದರೆ ಎರಡನೆಯ ಗ್ರೇಡಿಯೆಂಟನ್ನು 1.2 ಮಾಡಿ, ಇನ್ನೊಂದು ಪಟ್ಟಿ ತೆಗೆಸು.